ಒಪ್ಪಿಗೆಯ ನಾಲ್ಕು ಮೂಲೆ

ಮೊಬೈಲಿನ ವಿಷಯದಲ್ಲಿ ನನಗೆ ಜಂಬ ಇತ್ತು. ಸೇಡಂನಲ್ಲಿ ನನ್ನ ಜೊತೆ ನಿವೃತ್ತರಾದ ಮಾಸ್ತರುಗಳು ಫೋನು ಬಂದರೆ ಗುಂಡಿ ಒತ್ತಬೇಕೋ ಎಳೆಯಬೇಕೋ ಎಂದು ಮೊಮ್ಮಕ್ಕಳನ್ನು ಕೂಗುತ್ತಿದ್ದ ಕಾಲಕ್ಕೇ ನಾನು ಕನ್ನಡದಲ್ಲಿ ಪುಟಗಟ್ಟಲೆ ಟೈಪು ಮಾಡುತ್ತಿದ್ದೆ. ಇಮೋಜಿಗಳಂತೂ ಬಾಯಿಪಾಠ. ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕು, ಏಕಾದಶಿಗೆ ತುಳಸಿಯಂತೆ ಕಾಣುವ ಒಂದು ಎಲೆ, ಹೆಂಡತಿ ಮುನಿಸಿಕೊಂಡರೆ ಗುಲಾಬಿ. ಹೆಂಡತಿ ಅದೇ ಕೋಣೆಯಲ್ಲಿ ಕೂತಿರುತ್ತಿದ್ದಳು, ಆ ಮಾತು ಬೇರೆ. "ಒಂದು ಖರೇ ಹೂವು ತರಲಿಕ್ಕೆ ಏನು ಧಾಡಿ?" ಎನ್ನುತ್ತಿದ್ದಳು.

ನಮ್ಮ ಕಡೆಯ ವೈಷ್ಣವ ಮನೆತನಗಳಿಗೆಂದು ಒಂದು ಹಳೆಯ ಜಾಲತಾಣವಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಊರುಗಳ ಮದುವೆಯ ವಯಸ್ಸಿಗೆ ಬಂದ ಹುಡುಗ ಹುಡುಗಿಯರ ಜಾತಕ ಅದರಲ್ಲಿರುತ್ತದೆ. ಒಂದೊಂದು ಜಾತಕಕ್ಕೆ ಒಂದೊಂದು ಪುಟ, ಅದರ ಕೆಳಗೆ ಆಸಕ್ತಿ ಇದ್ದವರು ಬರೆಯುತ್ತ ಹೋಗಬಹುದು. ನಾವು ಅದಕ್ಕೆ ವೇದಿಕೆ ಎನ್ನುತ್ತೇವೆ. ಶಹಾಬಾದಿನ ಒಬ್ಬ ಹಿರಿಯರು ಅದನ್ನು ನೋಡಿಕೊಳ್ಳುತ್ತಾರೆ. ಹರೆಯದವರು ಯಾವಾಗಲೋ ಮೊಬೈಲ್ ಗುಂಪುಗಳಿಗೆ ಹೋದರು, ಆದರೆ ಹಿರಿಯರು ವೇದಿಕೆಯನ್ನು ಬಿಟ್ಟಿಲ್ಲ. ಅದಕ್ಕೆ ಕಾರಣ ಒಂದು ಕಟ್ಟಳೆ. ಸಂಬಂಧಕ್ಕೆ ಒಪ್ಪಿಗೆ ಫೋನಿನಲ್ಲಿ ಹೇಳಿದರೆ ಸಾಲದು. ಹೆಣ್ಣಿನ ಕಡೆಯ ಹಿರಿಯ ಅದನ್ನು ವೇದಿಕೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಶಹಾಬಾದಿನವರು ಅದನ್ನು ಒಳಗೆ ಬಿಟ್ಟ ಮೇಲೆ ಆ ಜಾತಕದ ಪುಟ ಮುಚ್ಚುತ್ತದೆ, ಬೇರೆ ಯಾರೂ ಕೆಳಗೆ ಬರೆಯುವಂತಿಲ್ಲ. ಆಮೇಲೆ ಗಂಡಿನ ಕಡೆಯವರು ತಾವಾಗಿ ಫೋನು ಮಾಡಿ ನಿಶ್ಚಯದ ದಿನ ಹೇಳಬೇಕು.

ನನ್ನ ಅಕ್ಕ ವಾಡಿಯಲ್ಲಿ ಇರುತ್ತಾಳೆ. ಭಾವ ಹೋಗಿ ಬಹಳ ವರ್ಷವಾಯಿತು. ಒಬ್ಬಳೇ ಮಗಳು, ಚಿತ್ತಾಪುರದ ಒಂದು ಕಚೇರಿಯಲ್ಲಿ ಕೆಲಸ, ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಅಕ್ಕನಿಗೆ ಸಕ್ಕರೆ ಕಾಯಿಲೆ, ಎದೆನೋವು, ಮೊಣಕಾಲು, ಎಲ್ಲವೂ ಇವೆ. ಎರಡು ಸಲ ಕಲಬುರಗಿಯ ಆಸ್ಪತ್ರೆಗೆ ಸೇರಿಸಿ ಕರೆತಂದಿದ್ದೆವು, ಇದು ಸಂಬಂಧ ನೋಡುವವರಿಗೆಲ್ಲ ಗೊತ್ತಿದ್ದ ವಿಷಯ. ಕೆಲವರು ತಂದೆ ಇಲ್ಲ ಎಂದು ಹಿಂದೆ ಸರಿದರು, ಕೆಲವರು ಹುಡುಗಿಗೆ ವಯಸ್ಸಾಯಿತು ಎಂದರು. ಅಂಥದ್ದರಲ್ಲಿ ಚಿಂಚೋಳಿಯ ಸಂಬಂಧ ಬಂತು. ಹುಡುಗ ರಾಯಚೂರಿನ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ನೋಡಲು ಬಂದ ದಿನ ಅವನು ಅಡುಗೆಮನೆಯವರೆಗೆ ಹೋಗಿ ಅಕ್ಕನಿಗೆ ನಮಸ್ಕಾರ ಮಾಡಿದ. ಅವರು ಹೋದ ಮೇಲೆ ಅಕ್ಕನ ಮಗಳು, ಎಂದರೆ ನನ್ನ ಸೊಸೆ, ಬಾಗಿಲ ಹತ್ತಿರ ನಿಂತು ಮೆಲ್ಲಗೆ, "ಮಾಮಾ, ಇದೊಂದು ಆಗಬೇಕು ನೋಡ್ರಿ" ಎಂದಳು. ಅವಳು ಯಾವತ್ತೂ ಏನನ್ನೂ ಕೇಳಿದವಳಲ್ಲ.

ಹುಡುಗ ಹುಡುಗಿ ಇಬ್ಬರೂ ಫೋನ್ ನಂಬರು ಕೊಟ್ಟು ತೆಗೆದುಕೊಂಡಿದ್ದರೆ ಮುಂದಿನದೆಲ್ಲ ಆಗುತ್ತಲೇ ಇರಲಿಲ್ಲ. ನಂಬರು ನಿಶ್ಚಯ ಆದ ಮೇಲೆ, ಅಲ್ಲಿಯತನಕ ಮಾತು ಹಿರಿಯರ ಮೂಲಕವೇ, ಎಂದು ಹಟ ಹಿಡಿದವನು ನಾನು. ನನ್ನ ಹಟದ ಮುಂದೆ ಮನೆಯವರು ಸಾಮಾನ್ಯವಾಗಿ ಬಾಯಿ ತೆರೆಯುವುದಿಲ್ಲ.

ಒಪ್ಪಿಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸೋದರಮಾವ ನಾನು, ಮೇಲಾಗಿ ಮೊಬೈಲ್ ಬಲ್ಲವನು. ನಮ್ಮ ಮನೆಗಳಲ್ಲಿ ಶುಭದ ಕಾಗದಕ್ಕೆ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚುತ್ತಾರೆ. ಸಾವಿನ ಸುದ್ದಿಯ ಕಾಗದಕ್ಕೆ ಬಣ್ಣವಿಲ್ಲ, ಬರೀ ಕರಿ ಮಸಿ, ಹಳೆಯ ಕಾಲದವರು ಮೂಲೆಗೂ ಒಂದಿಷ್ಟು ಮಸಿ ತಾಗಿಸುತ್ತಿದ್ದರು. ಅಂಚೆಯವನ ಕೈಯಲ್ಲಿ ಕಾಗದ ಇರುವಾಗಲೇ ಮೂಲೆ ನೋಡಿ ನಮ್ಮ ತಾಯಿ ನಗಬೇಕೋ ಅಳಬೇಕೋ ತೀರ್ಮಾನಿಸುತ್ತಿದ್ದಳು. ಈ ಪದ್ಧತಿ ವೇದಿಕೆಗೆ ಹೇಗೆ ತರುವುದು ಎಂದು ಯೋಚಿಸಿದಾಗ ನನಗೆ ಇಮೋಜಿ ಹೊಳೆಯಿತು. ಮೊದಲ ಸಾಲಿನ ಆಚೆಗೂ ಈಚೆಗೂ ಒಂದು ಹಳದಿ ಚುಕ್ಕಿ, ಒಂದು ಕೆಂಪು ಚುಕ್ಕಿ. ಕೊನೆಯ ಸಾಲಿಗೂ ಹಾಗೆಯೇ. ನಾಲ್ಕು ಮೂಲೆಗೂ ಅರಿಶಿನ ಕುಂಕುಮ! ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ನಡುವೆ ಹೀಗೆ ಬರೆದೆ: "ತಮ್ಮ ಮನೆಯ ಸಂಬಂಧಕ್ಕೆ ನಮ್ಮ ಪೂರ್ಣ ಒಪ್ಪಿಗೆ ಇದೆ. ನಮ್ಮ ಅಕ್ಕನ ಬಹುದಿನದ ಆಸೆ ಈಡೇರಿತು. ಅವಳ ಮಗಳನ್ನು ತಮ್ಮ ಮಡಿಲಿಗೆ ಹಾಕಿದ್ದೇವೆ. ಮುಂದಿನದು ತಮ್ಮ ಕೈಯಲ್ಲಿ." ಅಕ್ಕನ ಆಸೆಯ ಸಾಲಿನ ಮುಂದೆ ಒಂದು ದೀಪ, ಒಂದು ಹೂವು ಇಟ್ಟೆ. ಕಳಿಸುವ ಮುಂಚೆ ಪರದೆಯ ಮೇಲೆ ನೋಡಿದರೆ ಥೇಟು ಲಗ್ನಪತ್ರಿಕೆ. ಗುಂಡಿ ಒತ್ತಿದೆ. ಶಹಾಬಾದಿನವರು ನೋಡಿ ಒಳಗೆ ಬಿಡುತ್ತಾರೆ ಎಂಬ ಸಾಲು ಬಂತು. ನಾನು ಫೋನು ಜೇಬಿಗಿಟ್ಟು ಊಟಕ್ಕೆ ಎದ್ದೆ. ಆಮೇಲೆ ಅದನ್ನು ಮತ್ತೆ ತೆರೆದು ನೋಡಬೇಕು ಎಂದು ಅನಿಸಲೇ ಇಲ್ಲ. ಚೆನ್ನಾಗಿ ಬರೆದದ್ದನ್ನು ಏನು ನೋಡುವುದು?

ಮರುದಿನ ಪುಟ ಮುಚ್ಚಿತು ಎಂದು ಶಹಾಬಾದಿನಿಂದ ತಿಳಿಯಿತು. ನಾವು ಚಿಂಚೋಳಿಯ ಫೋನಿಗೆ ಕಾದೆವು. ಬರಲಿಲ್ಲ. ಅಕ್ಕ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನನಗೆ ಫೋನು ಮಾಡಿ, "ಏನರ ಸುದ್ದಿ ಅದ ಏನೋ?" ಎನ್ನುತ್ತಿದ್ದಳು. ಸೊಸೆ ಕೇಳುತ್ತಿರಲಿಲ್ಲ, ಆದರೆ ಅಕ್ಕನ ಹಿಂದೆ ಅವಳ ಬಳೆಯ ಸಪ್ಪಳ ಕೇಳುತ್ತಿತ್ತು. ಒಂದು ವಾರ ಕಳೆಯುವ ಹೊತ್ತಿಗೆ ನನ್ನ ತಲೆ ಕೆಟ್ಟಿತು. ಒಪ್ಪಿಗೆ ಬರೆಸಿಕೊಂಡು, ಪುಟ ಮುಚ್ಚಿಸಿ, ಹುಡುಗಿಗೆ ಬೇರೆ ಸಂಬಂಧ ಬರದ ಹಾಗೆ ಮಾಡಿ, ಈಗ ಸುಮ್ಮನೆ ಕೂತಿದ್ದಾರೆ! ಇನ್ನೂ ಚೆಂದದ ಹುಡುಗಿ ಸಿಕ್ಕಿರಬೇಕು ಎಂದು ನಾನೇ ಕತೆ ಕಟ್ಟಿದೆ, ನಾನೇ ನಂಬಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು, ಶಾಲೆಯಲ್ಲಿ ಅದಕ್ಕೆ ಹೆಸರಾಗಿದ್ದೆ.

ಚಿಂಚೋಳಿಗೆ ಫೋನು ಮಾಡಿದೆ. ಹುಡುಗನ ತಂದೆ ಎತ್ತಿದರು. ಅವರು ಬಾಯಿ ತೆರೆಯುವ ಮುಂಚೆಯೇ ಶುರು ಮಾಡಿದೆ.

"ಏನ್ರಿ, ಒಪ್ಪಿಗಿ ಬರೆಸ್ಕೊಂಡು ಬಾಯಾಗ ಕಡಬು ಇಟ್ಕೊಂಡು ಕುಂತೀರಲ್ಲ, ನಾಚಿಕಿ ಬರೂದಿಲ್ಲೇನು? ತಂದಿ ಇಲ್ಲದ ಹುಡುಗಿ ಅಂತ ಆಟ ಆಡ್ಲಿಕತ್ತೀರೇನು? ಇಂಥಾ ಮನಿಗೆ ಹುಡುಗಿ ಕೊಡೋದಕ್ಕಿಂತ ಬಾವ್ಯಾಗ ನೂಕೋದು ಛಲೋ!"

ಇನ್ನೂ ಏನೇನೋ ಅಂದೆ. ಅವರ ಮನೆತನ, ಅವರ ಹಿರಿಯರು, ಅವರ ಮಗನ ಕೆಲಸ, ಯಾವುದನ್ನೂ ಬಿಡಲಿಲ್ಲ. ಆ ಮನುಷ್ಯ ಒಂದು ಮಾತಿಗೂ ಎದುರಾಡಲಿಲ್ಲ. "ಸಮಾಧಾನ ಮಾಡ್ಕೋರಿ ಮಾಸ್ತರ, ಸಮಾಧಾನ ಮಾಡ್ಕೋರಿ" ಎಂದಷ್ಟೇ ಹೇಳುತ್ತಿದ್ದರು. ಕೊನೆಗೆ, "ಎಲ್ಲಾ ದೇವರ ಇಚ್ಛಾ. ನಾವು ಎಲ್ಲಿಗೂ ಹೋಗೂದಿಲ್ಲ, ನೀವು ಧೈರ್ಯ ತಗೋರಿ" ಎಂದರು. ನುಣುಚಿಕೊಳ್ಳುವ ಮಾತು ಎಂದುಕೊಂಡು ನಾನು ಫೋನು ಕುಕ್ಕಿದೆ.

ಸಂಜೆ ಅಕ್ಕ ಕೇಳಿದಳು. "ಮರ್ಯಾದಿಲೆ ಕೇಳಿದಿ ಹೌದಿಲ್ಲೋ? ನಿನ್ನ ಬಾಯಿ ನನಗ ಗೊತ್ತದ."

"ಮರ್ಯಾದಿಲೇನೇ ಕೇಳೀನಿ. ಸ್ವಲ್ಪ ತಡೀರಿ ಅಂದಾರ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅದು ನಿಜ ಅನ್ನಿಸಿತು.

ಅದಾದ ಎರಡು ದಿನಕ್ಕೆ ಸೊಸೆ ತನ್ನ ಕಚೇರಿಯ ಕಂಪ್ಯೂಟರಿನಲ್ಲಿ ಊಟದ ಹೊತ್ತು ವೇದಿಕೆ ತೆರೆದು ನೋಡಿದ್ದಾಳೆ. ಪರದೆಯ ಫೋಟೊ ತೆಗೆದು ನನಗೆ ಕಳಿಸಿ, ಕೆಳಗೆ "ಮಾಮಾ, ಇದು ನೋಡ್ರಿ" ಎಂದು ಬರೆದಿದ್ದಳು. ನನ್ನ ಅರಿಶಿನ ಇರಲಿಲ್ಲ, ಕುಂಕುಮ ಇರಲಿಲ್ಲ. ನಾಲ್ಕು ಮೂಲೆಯಲ್ಲೂ ಶಂಕರಪೋಳಿಯ ಆಕಾರದ ಕರಿ ತುಂಡುಗಳು ಸಾಲಾಗಿ ಕೂತಿದ್ದವು, ಒಂದೊಂದರ ಹೊಟ್ಟೆಯಲ್ಲೂ ಸಣ್ಣದೊಂದು ಬಿಳಿ ಪ್ರಶ್ನೆಚಿಹ್ನೆ. ಅಕ್ಕನ ಆಸೆಯ ಸಾಲಿನ ಮುಂದೆ ದೀಪ ಹೂವು ಇದ್ದಲ್ಲಿಯೂ ಅದೇ ಕಪ್ಪು.

ಫೋನು ಮಾಡಿದರೆ ಅವಳೇ ತಿಳಿಸಿ ಹೇಳಿದಳು. "ಫೋನಿನ್ಯಾಗಿನ ಚಿತ್ರ ಆ ಹಳೇ ವೇದಿಕಿಗೆ ಗೊತ್ತಾಗೂದಿಲ್ಲ ಮಾಮಾ. ತನಗ ತಿಳೀಲಾರದ್ದನ್ನೆಲ್ಲಾ ಅದು ಹಿಂಗ ಕರಿ ಮಾಡಿ ತೋರಸ್ತದ. ಬ್ಯಾರೆ ಹುಡುಗರು ಹಾಕಿದ್ರೂ ಹಿಂಗೇ ಆಗ್ತದ." ಆಮೇಲೆ, "ಅವರ ಮನ್ಯಾಗ ಅಜ್ಜಿ ಇದ್ದಾರಲ್ಲ ಮಾಮಾ, ಹಳೇ ಮಂದಿ. ಮೂಲಿಗೆ ಕರಿ ನೋಡಿ ಅಪಶಕುನ ಅಂದಿರಬೇಕು" ಎಂದಳು. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಶುಭದ ಕಾಗದಕ್ಕೆ ಮಸಿ ಬಳಿದು ಕಳಿಸಿ, ಅದನ್ನು ಓದಿ ಸುಮ್ಮನಿದ್ದವರ ಮೇಲೆ ಬಾಯಿಗೆ ಬಂದಂತೆ ಹಾರಾಡಿದ್ದೆ. ಫೋನು ಮಾಡಿ ವಿಷಯ ತಿಳಿಸಿದರೆ ಮುಗಿಯುತ್ತಿತ್ತು, ಆದರೆ ಆ ನಂಬರು ಒತ್ತಲು ಬೆರಳು ಏಳಲಿಲ್ಲ. ಮೊದಲು ಏನೆಂದು ಹೇಳುವುದು? ಕಪ್ಪಿನ ಮಾತೋ, ಬಾವಿಯ ಮಾತೋ? ಫೋನು ಕೈಯಲ್ಲಿ ಹಿಡಿದು ಅಂಗಳದಲ್ಲಿ ಅಡ್ಡಾಡಿದೆ.

ಅಕ್ಕ ವಿಷಯ ತಿಳಿದವಳೇ ಹೊರಟು ನಿಂತಳು. "ಹೋಗಿ ಕುಂತು ಹೇಳೋಣು. ಇಂಥಾ ಮಾತು ಫೋನಿನ್ಯಾಗ ಆಗೂದಿಲ್ಲ." ಅವಳು ವಾಡಿಯಿಂದ ರೈಲಿನಲ್ಲಿ ಸೇಡಂಗೆ ಬಂದಳು, ಇಲ್ಲಿಂದ ಇಬ್ಬರೂ ಚಿಂಚೋಳಿಯ ಬಸ್ಸು ಹತ್ತಿದೆವು. ಅವಳನ್ನು ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ದಾರಿಯುದ್ದಕ್ಕೂ ಅವಳು ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ನನಗೆ ಪಾಠ ಮಾಡಿದಳು. ನಾನು ಹೂಂ ಎನ್ನುತ್ತ ಕಿಟಕಿಯ ಆಚೆ ನೋಡುತ್ತಿದ್ದೆ. ಫೋನಿನಲ್ಲಿ ಏನಂದೆ ಎಂಬುದನ್ನು ಅಲ್ಲಿ ಅವರು ಎತ್ತದಿದ್ದರೆ ಸಾಕು ಎಂದು ಕಂಡ ಕಂಡ ಗುಡಿಗೆಲ್ಲ ಬೇಡಿಕೊಂಡೆ.

ಅವರ ಮನೆ ಚಂದಾಪುರದ ಕಡೆಗೆ ಹೋಗುವ ರಸ್ತೆಯಲ್ಲಿತ್ತು. ಆಟೋ ನಿಂತ ಮೇಲೆ ಅಕ್ಕ ಇಳಿಯಲಿಲ್ಲ. "ನೀ ಮುಂದ ಹೋಗು. ಶುಭದ ಮಾತು, ನಾ ಮೊದಲು ಕಾಲಿಡೂದು ಬ್ಯಾಡ. ನೀ ಕುಂತು ಮಾತು ತಗದ ಮ್ಯಾಲೆ ಬರ್ತೀನಿ" ಎಂದಳು. ಗಂಡ ಹೋದಾಗಿನಿಂದ ಅವಳದು ಇದೇ ರೀತಿ, ಎಷ್ಟು ಬೈದರೂ ಬಿಟ್ಟಿಲ್ಲ.

ಹುಡುಗನ ತಂದೆ ಬಾಗಿಲಲ್ಲೇ ಇದ್ದರು. ನನ್ನನ್ನು ಕಂಡು "ಬರ್ರಿ" ಎನ್ನಲಿಲ್ಲ. ತಲೆ ತಗ್ಗಿಸಿ, ಕೈ ಹಿಡಿದು ಒಳಗೆ ಕರೆದೊಯ್ದು ಚಾಪೆಯ ಮೇಲೆ ಕೂರಿಸಿದರು. ತಾವೂ ಎದುರು ಕೂತರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಹಾಸಿದ ಪರಸಿ ಕಲ್ಲಿನ ಸಂದುಗಳನ್ನು ನೋಡುತ್ತ ಕೂತೆ. ಇಷ್ಟು ನೊಂದುಕೊಂಡಿದ್ದಾರಲ್ಲ, ಎಂಥ ಮಾತು ಆಡಿಬಿಟ್ಟೆ ಎಂದುಕೊಂಡೆ.

ಗೋಡೆಗೆ ಒರಗಿ ಅಜ್ಜಿ ಕೂತಿದ್ದರು. ಅವರ ತೊಡೆಯ ಮೇಲೆ ಒಂದು ಹಾಳೆ. ಪರದೆ ಅವರಿಗೆ ಕಾಣುವುದಿಲ್ಲವೆಂದು ಮಗ ಚಂದಾಪುರದ ಅಂಗಡಿಯಲ್ಲಿ ವೇದಿಕೆಯ ಪುಟವನ್ನು ಪ್ರಿಂಟು ಮಾಡಿಸಿ ತಂದಿದ್ದರು. ಹಾಳೆಯ ಮೇಲೆ ಆ ಕಪ್ಪು ಇನ್ನೂ ದಟ್ಟವಾಗಿ ಕಾಣುತ್ತಿತ್ತು.

ಅಜ್ಜಿಯೇ ಮೊದಲು ಮಾತಾಡಿದರು. "ಭಾಳ ತ್ರಾಸ ಆತೇನ್ರಿ ಮಾಸ್ತರ ಅವರಿಗೆ? ಕೊನೀಗೆ ಮಾತು ಇತ್ತೇನು?"

"ಯಾರಿಗೆ ಅಮ್ಮಾರ?" ಎಂದೆ.

"ನಿಮ್ಮ ಅಕ್ಕನವರಿಗೆ."

ನನಗೆ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸಪ್ಪಳವಾಯಿತು. ಅಕ್ಕ ಬಾಗಿಲ ಚೌಕಟ್ಟು ಹಿಡಿದು, ಮೊಣಕಾಲನ್ನು ಬೈಯುತ್ತ, ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಬಂದಳು. "ಆರಾಮ ಇದ್ದೀರೇನ್ರಿ ಎಲ್ಲಾರೂ?" ಎಂದಳು.

ಮನೆಗೆ ಮನೆಯೇ ಎದ್ದು ನಿಂತಿತು. ಹುಡುಗನ ತಾಯಿ "ಅಯ್ಯೋ ನಮ್ಮಪ್ಪ!" ಎಂದು ಕೂಗಿ ಬಾಯಿಗೆ ಸೆರಗು ಒತ್ತಿಕೊಂಡರು. ಅಜ್ಜಿ ಗೋಡೆ ಹಿಡಿದು ಎದ್ದರು, ಹೋಗಿ ಅಕ್ಕನ ಎರಡೂ ಕೈ ಹಿಡಿದರು, ಮುಖ ಮುಟ್ಟಿ ನೋಡಿದರು, ಆಮೇಲೆ ಅಳತೊಡಗಿದರು. ಅಕ್ಕ ಗಾಬರಿಯಾಗಿ ನನ್ನ ಮುಖ ನೋಡಿದಳು. "ಏನಾತೋ? ಯಾಕ ಅಳ್ಲಿಕತ್ತಾರ?"

ಏನಾಗಿದೆ ಎಂದು ನನಗೆ ಆಗ ಹೊಳೆಯಿತು. ಒಪ್ಪಿಗೆಯ ನಾಲ್ಕು ಮೂಲೆಗೂ ಕಪ್ಪು. ಅಕ್ಕನ ಬಹುದಿನದ ಆಸೆ ಈಡೇರಿತು, ಅದರ ಮುಂದೆ ಕಪ್ಪು. ಅವಳ ಮಗಳನ್ನು ನಿಮ್ಮ ಮಡಿಲಿಗೆ ಹಾಕಿದ್ದೇವೆ. ಇದನ್ನು ಅವರು ಬೇರೆ ಹೇಗೆ ಓದಬೇಕಿತ್ತು? ನನ್ನ ಅಕ್ಕನನ್ನು ನಾನು ನನ್ನ ಕೈಯಾರೆ ಸಾಯಿಸಿ, ಅದನ್ನು ಐದು ಊರಿನವರಿಗೆ ಕಾಣುವಂತೆ ಬರೆದಿದ್ದೆ. ಎದ್ದು ನಿಂತು, ತಡವರಿಸುತ್ತ, ಮೊಬೈಲು, ಇಮೋಜಿ, ಹಳದಿ ಚುಕ್ಕಿ, ಕೆಂಪು ಚುಕ್ಕಿ ಎಂದು ಹೇಗೋ ಬಿಡಿಸಿ ಹೇಳಿದೆ. ಫೋನಿನಲ್ಲಿ ಮೂಲದ ಚಿತ್ರಗಳನ್ನೂ ತೋರಿಸಿದೆ. ಹುಡುಗನ ತಂದೆ ಒಮ್ಮೆ ಹಾಳೆ ನೋಡಿದರು, ಒಮ್ಮೆ ಫೋನು ನೋಡಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಎಲ್ಲರೂ ನಕ್ಕರು. ಅಕ್ಕ ಮಾತ್ರ ನನ್ನ ಬೆನ್ನಿಗೆ ಒಂದು ಗುದ್ದಿ, "ನನ್ನ ತಿಥಿ ಊಟನೂ ಹಾಕಿಸಿಬಿಡಬೇಕಿತ್ತು ನೀ" ಎಂದಳು.

ನಗು ಇಳಿದ ಮೇಲೆ ಚಹಾ ಬಂತು. ಅಜ್ಜಿ ಅಕ್ಕನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ನಡೆದದ್ದನ್ನು ಅವರೇ ಹೇಳಿದರು. "ಕಾಗದ ನೋಡಿ ನಾನೇ ಅಂದೆ, ಮಾಸ್ತರು ಪದ್ಧತಿ ಬಲ್ಲವರು, ಸೂತಕ ಅದ ಅಂತ ಬಾಯಿಬಿಟ್ಟು ಹೇಳದೇ ಗುರುತು ಹಾಕಿ ತಿಳಿಸ್ಯಾರ ಅಂತ. ಈ ನನ್ನ ಮಗ ಓಡಿ ಬರ್ತೀನಿ ಅಂದ. ಶುಭದ ಮಾತು ನಡೆದಾಗ ಸೂತಕದ ಮನಿಗೆ ಹೋಗಬಾರದು, ಫೋನೂ ಮಾಡಬಾರದು, ಹದಿಮೂರು ದಿನ ಕಳೀಲಿ ಅಂತ ನಾನೇ ತಡದೆ. ಮೊಮ್ಮಗಗ ಹೇಳೀನಿ, ಹುಡುಗಿಗೆ ತಂದಿನೂ ಇಲ್ಲ ಈಗ ತಾಯಿನೂ ಇಲ್ಲ, ಮದುವಿ ನಮ್ಮ ಅಂಗಳದಾಗನೇ ಆಗಲಿ, ಬಾಣಂತನ ನಾ ಮಾಡ್ತೀನಿ, ತವರಿಲ್ಲ ಅಂತ ಆಕಿ ಒಂದು ದಿನ ಅಳಬಾರದು ಅಂತ."

ಹುಡುಗನ ತಂದೆ ಪಂಚಾಂಗ ತಂದು ಅಕ್ಕನ ಮುಂದೆಯೇ ತೆರೆದರು. ನಿಶ್ಚಯಕ್ಕೆ ಒಳ್ಳೆಯ ದಿನ ಬರುವ ವಾರವೇ ಇತ್ತು. ಅಕ್ಕನ ಕಣ್ಣಲ್ಲಿ ನೀರು ಬಂತು. ಮಗಳಿಗೆ ಫೋನು ಮಾಡಿ, "ಆತವ್ವಾ, ಆತು" ಎಂದಷ್ಟೇ ಹೇಳಿ ಇಟ್ಟಳು. ಆ ಕ್ಷಣದಲ್ಲಿ ನನಗೂ ಉಸಿರು ಸಲೀಸಾಯಿತು. ಬಾವಿಯ ಮಾತನ್ನು ಇವರು ಎತ್ತುವುದಿಲ್ಲ, ದೊಡ್ಡ ಮನುಷ್ಯರು, ಬಚಾವಾದೆ ಎಂದುಕೊಂಡು ಚಹಾ ಕುಡಿದೆ.

ಅಜ್ಜಿ ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಚುಚ್ಚುವುದು ಏನೂ ಇರಲಿಲ್ಲ. ತಿಳಿಯದ್ದನ್ನು ಕೇಳಿ ತಿಳಿಯುವ ದನಿ.

"ಒಂದು ಮಾತು ಮಾಸ್ತರ, ತಪ್ಪು ತಿಳೀಬ್ಯಾಡ್ರಿ. ಅವತ್ತು ಫೋನಿನ್ಯಾಗ ನನ್ನ ಮಗಗ ಭಾಳ ಅಂದ್ರಂತಲ್ಲ. ಹುಡುಗೀನ ಈ ಮನಿಗೆ ಕೊಡೋದಕ್ಕಿಂತ ಬಾವ್ಯಾಗ ನೂಕ್ತೀನಿ ಅಂದ್ರಂತ. ಅವ ಆ ದಿನ ಊಟಾ ಮಾಡಲಿಲ್ಲ. ನಾ ಅಂದೆ, ಅಕ್ಕನ್ನ ಕಳಕೊಂಡಾರ, ದುಃಖಕ್ಕ ಹಂಗ ಮಾತು ಬರ್ತಾವ, ಮನಸಿಗೆ ಹಚ್ಕೋಬ್ಯಾಡ ಅಂತ. ಅವಗೂ ಅದು ಖರೆ ಅನಿಸ್ತು. ಈಗ ನೋಡಿದ್ರ ನಿಮ್ಮ ಅಕ್ಕ ಛಂದ ಆರಾಮ ಇದ್ದಾರ. ಹಂಗಾದ್ರ ಅವತ್ತು ನಿಮಗ ಏನಾಗಿತ್ತು?"

ಹುಡುಗನ ತಂದೆ "ಬಿಡವ್ವಾ ಅದನ್ನ" ಎಂದು ಮುಖ ತಿರುಗಿಸಿದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಮರ್ಯಾದೆಯಿಂದ ಕೇಳಿದ್ದೇನೆ ಎಂದು ನಾನು ಹೇಳಿದ್ದು ಅವಳಿಗೆ ನೆನಪಾಗಿತ್ತು ಎಂಬುದು ಮುಖದಲ್ಲೇ ಕಂಡಿತು. ಕಪ್ಪು ಮೂಲೆಗಳಿಗೆ ಹಳೆಯ ವೇದಿಕೆಯನ್ನು ತೋರಿಸಿ ಪಾರಾಗಿದ್ದೆ. ಈ ಮಾತಿಗೆ ತೋರಿಸಲು ಏನೂ ಇರಲಿಲ್ಲ. ಅವರು ನನಗಾಗಿ ಹುಡುಕಿಟ್ಟಿದ್ದ ದುಃಖವೂ ಈಗ ನನ್ನದಲ್ಲ. ಇಷ್ಟು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಉತ್ತರ ಕೇಳಿದವನು ನಾನು. ಅವರಿಗೆ ಆಗ ಹೇಗಾಗಿರಬೇಕು ಎಂದು ಅವತ್ತು ತಿಳಿಯಿತು.

"ಏನೂ ಆಗಿರಲಿಲ್ಲರಿ ಅಮ್ಮಾರ" ಎಂದೆ. "ನನಗ ಸಿಟ್ಟು ಬಂದಿತ್ತು, ಅಷ್ಟೇ."

ಅಕ್ಕ ಚಹಾದ ಬಟ್ಟಲು ಕೆಳಗಿಟ್ಟಳು. ನೋಯುವ ಮೊಣಕಾಲಿಗೆ ಕೈ ಕೊಟ್ಟು ಎದ್ದು ನಿಂತು, ತನಗಿಂತ ಚಿಕ್ಕವರಾದ ಹುಡುಗನ ತಂದೆಗೆ ನನ್ನ ಪರವಾಗಿ ಕೈ ಮುಗಿದಳು.